ಓಲೆಯಲ್ಲಿಲ್ಲದ ಪದ್ಯಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲಿರುವ ಅನಾಹುತಕ್ಕೆ ಅರ್ಧ ಕಾರಣ ಆ ಸಿಟ್ಟೇ. ಉಳಿದರ್ಧವನ್ನು ನಾನು ಯೂನಿವರ್ಸಿಟಿಯ ತಲೆಗೇ ಕಟ್ಟುತ್ತೇನೆ, ಬೇಕಾದರೆ ಬಂದು ಕೇಳಲಿ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದಾಗ ನಾನು ಕನ್ನಡ ಎಂ.ಎ. ಮುಗಿಸಿದೆ. ನಮ್ಮದು ಹಳ್ಳಿಯ ಒಕ್ಕಲು ಮನೆತನ. ಅಪ್ಪ ಮೈಸೂರಿಗೆ ಬಂದು ದೇವರಾಜ ಮೊಹಲ್ಲಾದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಎಂ.ಎ. ಎಂದರೆ ಕಾಲೇಜಿನಲ್ಲಿ ಪಾಠ ಹೇಳುವುದು ಎಂದಷ್ಟೇ ಅವರಿಗೆ ಗೊತ್ತಿತ್ತು. ಆದರೆ ಪಾಠ ಹೇಳುವ ಕೆಲಸ ಯಾವುದೂ ಖಾಲಿ ಇರಲಿಲ್ಲ. ಯೂನಿವರ್ಸಿಟಿಯ ಹಸ್ತಪ್ರತಿ ವಿಭಾಗದಲ್ಲಿ ಸಂಶೋಧನ ಸಹಾಯಕಿಯ ಹುದ್ದೆ ಸಿಕ್ಕಿತು. ತಾಳೆಗರಿಯಲ್ಲಿರುವ ಹಳೆಯ ಕಾವ್ಯಗಳನ್ನು ಕಾಗದಕ್ಕೆ ಇಳಿಸಿ ಅಚ್ಚು ಹಾಕಿಸುವ ಕೆಲಸ. ಮೊದಲ ದಿನ ಮನೆಗೆ ಬಂದಾಗ ಸೆರಗಿಗೆಲ್ಲ ಮಸಿ, ಕೈಗೆಲ್ಲ ನಿಂಬೆಹುಲ್ಲಿನ ಎಣ್ಣೆಯ ವಾಸನೆ.

“ಎಂಎ ಓದ್ಸಿದ್ದು ಗರಿ ಒರ್ಸಕ್ಕೇನವ್ವಾ?” ಎಂದು ಅಪ್ಪ ಕೇಳಿದರು. ನಾನು ಆ ದಿನವೆಲ್ಲ ಮಾಡಿದ್ದು ಅದನ್ನೇ.

ಗರಿಗೆ ಎಣ್ಣೆ ಸವರಿ, ಕೊರೆದ ಅಕ್ಷರ ಕಾಣುವಂತೆ ಮಸಿ ಹಚ್ಚಿ ಒರೆಸುವುದನ್ನು ಹೇಳಿಕೊಟ್ಟವರು ವಿಭಾಗದ ಪಂಡಿತರು. ಆಗ ಅವರಿಗೆ ಅರವತ್ತರ ಹತ್ತಿರ. ಮಠದ ಪಾಠಶಾಲೆಯಲ್ಲಿ ಓದಿದವರು, ಹಣೆಯ ತುಂಬ ವಿಭೂತಿ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಅದರ ಜೇಬಿನಲ್ಲಿ ನಶ್ಯದ ಡಬ್ಬಿ. ಡಿಗ್ರಿ ಎನ್ನುವುದು ಅವರ ಬಳಿ ಸುಳಿದಿರಲಿಲ್ಲ. ಆದರೆ ಮುನ್ನೂರು ವರ್ಷದ ಹಿಂದೆ ಯಾರೋ ಅವಸರದಲ್ಲಿ ಗೀಚಿದ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸರಾಗವಾಗಿ ಓದಬಲ್ಲವರು ಇಡೀ ಕಟ್ಟಡದಲ್ಲಿ ಅವರೊಬ್ಬರೇ. ಎಂ.ಎ. ಮಾಡಿದ ನನಗೆ ಮೊದಲ ವಾರ ಒಂದು ಸಾಲೂ ಓದಲು ಬರಲಿಲ್ಲ.

“ಏನಮ್ಮ, ನಿಮ್ಮ ಎಂಎನಲ್ಲಿ ಅಕ್ಷರಾಭ್ಯಾಸ ಮಾಡ್ಸೋದಿಲ್ವಾ?” ಎಂದು ಅವರು ನಶ್ಯ ಏರಿಸುತ್ತ ಕೇಳಿದರು. ಅವತ್ತೇ ಅವರ ಮೇಲೆ ನನಗೆ ಮೊದಲ ಸಿಟ್ಟು ಬಂದದ್ದು.

ಕೆಲಸದ ಕ್ರಮ ಹೀಗಿತ್ತು. ಪಂಡಿತರು ಗರಿ ಹಿಡಿದು ಗಟ್ಟಿಯಾಗಿ ಓದುವರು. ನಾನು ಚಾಪೆಯ ಮೇಲೆ ಕೂತು, ಇಳಿಜಾರು ಮೇಜಿನ ಮೇಲೆ ಬಗ್ಗಿ, ಅವರು ಹೇಳಿದ್ದನ್ನು ಫುಲ್‌ಸ್ಕೇಪ್ ಹಾಳೆಯಲ್ಲಿ ಬರೆಯುವೆನು. ಆಮೇಲೆ ತಾಳೆ ನೋಡುವುದು. ಆಗ ನಾನು ಬರೆದದ್ದನ್ನು ಓದುವೆನು, ಅವರು ಗರಿಯ ಮೇಲೆ ಕಣ್ಣಿಟ್ಟು ಸರಿ, ಸರಿ ಎನ್ನುವರು. ಎರಡು ಸಲವೂ ಗರಿ ನೋಡುವವರು ಅವರೇ. ಈ ವ್ಯವಸ್ಥೆಯಲ್ಲಿ ಏನು ಕೊರತೆ ಇದೆ ಎಂದು ಈಗ ಯಾವ ಮಗುವಾದರೂ ಹೇಳೀತು. ನಮ್ಮ ಯೂನಿವರ್ಸಿಟಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಹಿಂದಿನಿಂದ ಹಾಗೆಯೇ ನಡೆದುಬಂದಿತ್ತು, ಅಷ್ಟೆ. ಬಗ್ಗಿ ಬರೆಯುವವಳಿಗೆ ಓದುವವರ ಮುಖ ಕಾಣುವುದಿಲ್ಲ.

ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿತ್ತು. ಗರಿ ಮುರಿದಿದ್ದರೆ, ಹುಳು ತಿಂದಿದ್ದರೆ, ಅಲ್ಲಿ ಎಷ್ಟು ಅಕ್ಷರ ಹೋಗಿದೆಯೋ ಅಷ್ಟು ಚುಕ್ಕಿ ಇಡಬೇಕು. ಸ್ವಂತದ್ದು ಒಂದಕ್ಷರ ಸೇರಿಸಕೂಡದು. ಇದು ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರರ ಅಪ್ಪಣೆ. ಅವರು ಯಾದವಗಿರಿಯ ಬಂಗಲೆಯಿಂದ ಹನ್ನೊಂದಕ್ಕೆ ಬಂದು, ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, “ಸೈಂಟಿಫಿಕ್ ಆಗಿ ಮಾಡಬೇಕು, ಸೈಂಟಿಫಿಕ್” ಎಂದು ಎರಡು ಸಲ ಹೇಳಿ ಹೋಗುತ್ತಿದ್ದರು. ಪಂಡಿತರಿಗೆ ಚುಕ್ಕಿ ಎಂದರೆ ಆಗದು. “ಈ ಚುಕ್ಕಿಗಳು ಕವಿಯ ಬಾಯಿಗೆ ಹಾಕೋ ಅಕ್ಕಿಕಾಳು ಕಣಮ್ಮ” ಎನ್ನುತ್ತಿದ್ದರು. ಎನ್ನುತ್ತ ಎಣಿಸಿ ಹೇಳುತ್ತಿದ್ದರು, ನಾನು ಎಣಿಸಿ ಇಡುತ್ತಿದ್ದೆ.

ನಾವು ಹಿಡಿದಿದ್ದು ಷಟ್ಪದಿಯಲ್ಲಿದ್ದ ಒಂದು ಶೈವ ಕಾವ್ಯ. ಅದುವರೆಗೆ ಯಾರೂ ಅಚ್ಚು ಮಾಡಿರಲಿಲ್ಲ. ಶಿವನ ಪೂಜೆಗೆ ದಿನವೂ ಹೂ ಕೊಯ್ದು ಕೊಡುವ ಹೆಂಗಸೊಬ್ಬಳು ವಯಸ್ಸಾಗಿ ಕಣ್ಣು ಕಳೆದುಕೊಂಡರೂ ಆ ಕಾಯಕ ಬಿಡದ ಕಥೆ. ಜಗತ್ತಿನಲ್ಲಿ ಇದ್ದದ್ದು ಒಂದೇ ಪ್ರತಿ ಎಂದು ನಂಬಿದ್ದೆವು. ಅದನ್ನು ಗೆದ್ದಲು ಬೇಕಾದಷ್ಟು ಮೇದಿತ್ತು. ಮೊದಲ ಸಂಧಿಯಲ್ಲಿ ಪುಟ ಪುಟಕ್ಕೂ ಚುಕ್ಕಿ. ಎರಡನೆಯದರಲ್ಲಿ ಕಡಿಮೆಯಾದವು. ಮೂರನೆಯ ಸಂಧಿಯ ಹೊತ್ತಿಗೆ ವಾರಕ್ಕೊಂದು ಚುಕ್ಕಿ ಬಂದರೆ ಹೆಚ್ಚು. ಗರಿಯ ಕಟ್ಟಿನ ಒಳಭಾಗಕ್ಕೆ ಹುಳು ಹೋಗಿಲ್ಲ, ನಮ್ಮ ಪುಣ್ಯ ಎಂದುಕೊಂಡೆ. ಪ್ರೊಫೆಸರರಂತೂ ನನ್ನ ಹಾಳೆಗಳನ್ನು ತಿರುವಿ “ವೆರಿ ಕ್ಲೀನ್” ಎಂದರು. ನಾನು ಹಿಗ್ಗಿದೆ. ಅನುಮಾನ ಬರಬೇಕಾಗಿದ್ದ ಜಾಗದಲ್ಲಿ ಹಿಗ್ಗಿದ ದಡ್ಡಿ ನಾನು.

ಮೂರನೆಯ ಸಂಧಿಯಲ್ಲಿಯೇ ಆ ಅರ್ಧ ಪದ್ಯ ಬಂದದ್ದು. ಹೆಂಗಸು ಕಣ್ಣು ಹೋದ ಮೇಲೆ ಮೊದಲ ಸಲ ತೋಟಕ್ಕೆ ಬರುತ್ತಾಳೆ.

ಕಣ್ಣು ಕಾಣದ ಕೈಗೆ ತಾನೇ
ಬಣ್ಣ ತೋರದೆ ಹೂವು ಬಾಗಿತು
ಹೆಣ್ಣೆ ನಿನ್ನೆಯ ಬೆರಳೆ ಬಾ ಬಾ ಎಂದು ಕರೆವಂತೆ

ಬರೆದು ಮುಗಿಸಿ ನಾನು ಲೇಖನಿ ಕೆಳಗಿಟ್ಟೆ. ಹೂವಿಗೆ ಆ ಬೆರಳಿನ ಗುರುತು ಹತ್ತಿದೆ! ಪಂಡಿತರೂ ಗರಿಯನ್ನು ಮಡಿಲಿಗೆ ಇಳಿಸಿದರು. ಆಮೇಲೆ, “ಎಂಥಾ ಕವಿ ನೋಡಮ್ಮ” ಎಂದರು. ಪ್ರೊಫೆಸರರು ಆ ಮೂರು ಸಾಲನ್ನು ಕಾಗದದಲ್ಲಿ ಬರೆದುಕೊಂಡು ಹೋದರು. ಮುಂದಿನ ತಿಂಗಳು ಯಾವುದೋ ಸಭೆಯಲ್ಲಿ ಅದನ್ನು ಎತ್ತಿ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ.

ಇಷ್ಟರಲ್ಲಿ ಪಂಡಿತರ ಕೈಕೆಳಗೆ ನಾನು ಗರಿ ಓದುವುದನ್ನು ಕಲಿತೆ. ಅವರ ಬಗ್ಗೆ ಇನ್ನೊಂದು ವಿಷಯವೂ ತಿಳಿಯಿತು. ವಿಭಾಗ ಅದುವರೆಗೆ ಹೊರತಂದಿದ್ದ ಕಾವ್ಯಗಳು ಹನ್ನೊಂದು. ಹನ್ನೊಂದನ್ನೂ ಓದಿ ಬರೆಸಿದವರು ಅವರು. ಹನ್ನೊಂದರ ಶೀರ್ಷಿಕೆ ಪುಟದಲ್ಲೂ ಸಂಪಾದಕರು ಎಂದು ಆಯಾ ಕಾಲದ ಪ್ರೊಫೆಸರರ ಹೆಸರಿತ್ತು. ಮುನ್ನುಡಿಯ ಕೊನೆಯಲ್ಲಿ, ಬಿಸಿ ನೀರು ಕಾಯಿಸಿಕೊಟ್ಟವರನ್ನು ನೆನೆಯುವ ಹಾಗೆ, “ವಿಭಾಗದ ಪಂಡಿತರು ಸಹಕರಿಸಿದ್ದಾರೆ” ಎಂದು ಒಂದು ಸಾಲು. ಯಾವ ಪಂಡಿತರು ಎಂದು ಬರೆಯುವಷ್ಟು ಶಾಯಿಯೂ ಇರಲಿಲ್ಲ. ಅವರ ಹೆಂಡತಿ ಒಂದು ಸಲ ನನಗೆ ಕಾಫಿ ಕೊಡುತ್ತ, “ಪುಸ್ತಕ ತಂದು ತೋರಿಸ್ತಾರೆ ಕಣಮ್ಮ. ಇವ್ರ ಹೆಸರು ಎಲ್ಲಿದೆ ಅಂತ ಕೇಳಿದ್ರೆ, ಒಳಗಿದೆ, ಹುಡುಕು ಅಂತಾರೆ. ನಂಗೆ ಓದೋಕೆ ಬರಲ್ಲ ಅಂತ ಅವ್ರಿಗೆ ಗೊತ್ತು” ಎಂದು ನಕ್ಕರು.

ನನಗೆ ಪಿತ್ತ ನೆತ್ತಿಗೇರಿತು. ನೇರವಾಗಿ ಪ್ರೊಫೆಸರರ ಕೊಠಡಿಗೆ ಹೋಗಿ, “ಸಾರ್, ಈ ಪುಸ್ತಕದಲ್ಲಿ ಪಂಡಿತರ ಹೆಸರೂ ಸಂಪಾದಕರು ಅಂತ ಬರಬೇಕು” ಎಂದೆ.

“ಡಿಗ್ರಿ ಇಲ್ಲದವರನ್ನ ಎಡಿಟರ್ ಅಂತ ಹಾಕೋಕಾಗೋಲ್ಲಮ್ಮ. ರೂಲ್ಸ್ ಇವೆ.”

“ಗರಿ ಓದೋಕೆ ಡಿಗ್ರಿ ಬೇಡ, ಹೆಸರಿಗೆ ಬೇಕಾ ಸಾರ್?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅರ್ಜಿ ಬರೆದು ಕೊಡಿ ಎಂದರು. ಬರೆದೆ. ಅದು ಒಂದು ಸಮಿತಿಗೆ ಹೋಯಿತು. ಸಮಿತಿ ಪಂಡಿತರ ವಿದ್ಯಾರ್ಹತೆಯ ಪತ್ರ ಕೇಳಿತು. ಅವರ ಪಾಠಶಾಲೆ ಪತ್ರ ಕೊಡುವ ಜಾಗವೇ ಆಗಿರಲಿಲ್ಲ. ಎರಡನೆಯ ಅರ್ಜಿ ಕಳೆದುಹೋಯಿತು. ಮೂರನೆಯದನ್ನು ನಾನೇ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಅಲೆದೆ. ಒಂದು ಮೇಜಿನವರು ಊಟಕ್ಕೆ ಹೋಗಿದ್ದರೆ ಇನ್ನೊಂದು ಮೇಜಿನವರು ರಜೆ. ಒಬ್ಬರು, ಪಂಡಿತರಿಗೆ ನೀವೇನಾಗಬೇಕು ಎಂದು ಕೇಳಿದರು. ಆರೇಳು ತಿಂಗಳು ಹೀಗೆ ಚಪ್ಪಲಿ ಸವೆಸಿದ ಮೇಲೆ, ಇದೊಂದು ಸಲಕ್ಕೆ ಆಗಬಹುದು ಎಂಬ ಒಪ್ಪಿಗೆ ಬಂತು.

ಕಾವ್ಯ ಅಚ್ಚಿಗೆ ಹೋಯಿತು. ಶೀರ್ಷಿಕೆ ಪುಟದ ಪ್ರೂಫ್ ಬಂದ ದಿನ ಪಂಡಿತರು ಅದನ್ನು ಒಂದು ಗಳಿಗೆ ಮನೆಗೆ ಒಯ್ಯಲು ಕೇಳಿದರು. ಪ್ರೊಫೆಸರರ ಹೆಸರು, ಅದರ ಕೆಳಗೆ ಅದೇ ಗಾತ್ರದ ಅಚ್ಚುಮೊಳೆಯಲ್ಲಿ ಇವರ ಹೆಸರು. ಮಾರನೆಯ ದಿನ ವಾಪಸು ಕೊಟ್ಟಾಗ ಹಾಳೆಯ ಅಂಚಿನಲ್ಲಿ ವಿಭೂತಿ ಹತ್ತಿತ್ತು. “ಮನೆಯವಳು ದೇವರ ಮುಂದೆ ಇಟ್ಟಿದ್ಲು. ಯಾವುದು ನಿಮ್ಮ ಹೆಸರು ಅಂದ್ಲು, ಬೆರಳಿಟ್ಟು ತೋರಿಸ್ದೆ” ಎಂದರು. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಆ ಪ್ರೂಫನ್ನು ಹಾಗೇ ಪ್ರೆಸ್ಸಿಗೆ ಕಳಿಸಿದೆ.

ಪದ್ಯಭಾಗವೆಲ್ಲ ಅಚ್ಚಾಗಿ ಮುಗಿಯಿತು. ಶೀರ್ಷಿಕೆ, ಮುನ್ನುಡಿಗಳ ಹಾಳೆ ಮಾತ್ರ ಬಾಕಿ, ಅವು ಕೊನೆಗೆ ಅಚ್ಚಾಗುವುದು ರೂಢಿ. ಆ ಹೊತ್ತಿನಲ್ಲಿ ಅಪ್ಪನ ಮಂಡಿಗೆ ಬೆಲ್ಲ ಹಾಕುವ ರೈತರೊಬ್ಬರು ಕೆಂಪು ಬಟ್ಟೆಯ ಗಂಟೊಂದನ್ನು ತಂದರು.

“ನಿಮ್ ಮಗ್ಳು ಗರಿ ಓದ್ತಾಳಂತಲ್ಲ. ನಮ್ಮಜ್ಜನ ಕಾಲ್ದಿಂದ ಪೂಜೆ ಮಾಡ್ಕೊಂಡ್ ಬಂದಿದ್ದೀವಿ. ಏನೈತೆ ನೋಡಿ ಏಳ್ಬುಡ್ಲಿ” ಎಂದರಂತೆ.

ಅವತ್ತು ಭಾನುವಾರ. ಮಂಡಿಯ ಹಿಂದಿನ ಕೋಣೆಯಲ್ಲಿ ಗಂಟು ಬಿಚ್ಚಿದೆ. ಗರಿಗೆ ಎಣ್ಣೆ ಸವರಿ, ಮಸಿ ಹಚ್ಚಿ ಒರೆಸಿ, ಮೊದಲ ಸಾಲು ಓದಿದ ಕೂಡಲೆ ಗೊತ್ತಾಯಿತು. ನಮ್ಮದೇ ಕಾವ್ಯ. ಪೂರ್ತಿ ಪ್ರತಿ, ಒಂದು ತೂತಿಲ್ಲ. ಪೂಜೆ ಮಾಡಿದವರು ಯೂನಿವರ್ಸಿಟಿಗಿಂತ ಚೆನ್ನಾಗಿ ಕಾಪಾಡಿದ್ದರು. ನಾನು ಬಾಯಲ್ಲಿ ನೀರೂರಿಸಿಕೊಂಡು ಮೂರನೆಯ ಸಂಧಿಗೆ ಹೋದೆ, ಆ ಅರ್ಧ ಪದ್ಯವನ್ನು ಈ ಹೊಸ ಪ್ರತಿಯಲ್ಲೂ ಒಮ್ಮೆ ನೋಡೋಣ ಎಂದು.

ಅದು ಅಲ್ಲಿರಲಿಲ್ಲ. ಆ ಜಾಗದಲ್ಲಿ ಹೂಗಳ ಪಟ್ಟಿ ಇತ್ತು. ಮಲ್ಲಿಗೆ, ಸಂಪಿಗೆ, ಸೇವಂತಿಗೆ, ಕಣಗಿಲೆ. ಹೆಂಗಸು ಅವನ್ನೆಲ್ಲ ಕೊಯ್ದು ಬುಟ್ಟಿಗೆ ಹಾಕಿದಳು, ಬುಟ್ಟಿ ತುಂಬಿತು, ಅಷ್ಟೆ.

ಮಾರನೆಯ ದಿನ ಬೆಳಿಗ್ಗೆ ಪಂಡಿತರು ಬರುವ ಮೊದಲೇ ಹೋಗಿ ಬೀರುವಿನಿಂದ ನಮ್ಮ ಹಳೆಯ ಪ್ರತಿಯನ್ನು ತೆಗೆದೆ. ಎರಡು ವರ್ಷ ಅದರ ಪಕ್ಕದಲ್ಲೇ ಕೂತಿದ್ದರೂ ಮೂರನೆಯ ಸಂಧಿಯ ಗರಿಗಳನ್ನು, ಒರೆಸಿದ್ದೂ ಪಂಡಿತರೇ ಆದ್ದರಿಂದ, ನನ್ನ ಕಣ್ಣಿಂದ ನೋಡಿದ್ದು ಅವತ್ತೇ. ಆ ಅರ್ಧ ಪದ್ಯದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಮುಂದಿನ ಗರಿಯಲ್ಲೂ ತೂತು. ಹುಳು ಒಳಗೆ ಹೋಗಿತ್ತು. ಪಂಡಿತರು ಗರಿಯನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹುಳು ತಿಂದದ್ದನ್ನು ತಾವೇ ಕಟ್ಟಿ ಓದಿದ್ದರು.

ಅವರು ಬಂದು ಪೇಟ ತೆಗೆದಿಡುವುದಕ್ಕೂ ಬಿಡಲಿಲ್ಲ ನಾನು. ಎರಡು ಗರಿಗಳನ್ನೂ ಮುಂದಿಟ್ಟೆ. ಅವರು ಹೊಸ ಗರಿಯನ್ನು ಓದಿದರು. ಮುಖ ಸಪ್ಪಗಾಯಿತು.

“ಹೂವಿನ ಪಟ್ಟಿ ಕೊಟ್ಬಿಟ್ಟಿದ್ದಾನಲ್ಲಮ್ಮ! ಇಂಥಾ ಜಾಗದಲ್ಲಿ!”

“ಪಂಡಿತರೇ, ನಾನು ಕೇಳ್ತಿರೋದು ಅದಲ್ಲ. ನೀವು ಗರೀಲಿ ಇಲ್ಲದ್ದನ್ನ ಓದಿದ್ದೀರಿ.”

“ಗರೀಲಿ ಇಲ್ದೇ ಇದ್ರೂ ಕಿವೀಲಿ ಇತ್ತು ಕಣಮ್ಮ. ಹಿಂದಿನ ಸಾಲು, ಮುಂದಿನ ಸಾಲು ಹೇಳಿದ ಮೇಲೆ ನಡುವಿಂದು ತಾನಾಗಿ ಬರುತ್ತೆ. ನಾನೇನ್ ಬೇಕು ಅಂತ ಮಾಡಿದ್ನಾ?”

“ಚುಕ್ಕಿ ಇಡಿ ಅಂತ ಹೇಳಿರಲಿಲ್ವಾ?”

“ಕೇಳಿಸ್ತಿರುವಾಗ ಚುಕ್ಕಿ ಹೆಂಗಮ್ಮ ಹೇಳೋದು? ಅದು ಸುಳ್ಳಾಗಲ್ವಾ?”

ಇಂಥ ಮನುಷ್ಯರ ಜೊತೆ ಹೇಗೆ ಜಗಳವಾಡುವುದು? ಮೈ ಪರಚಿಕೊಳ್ಳುವಂತಾಯಿತು. ಹೋಗಲಿ, ಯಾವ ಯಾವುದು ನಿಮ್ಮದು ಎಂದು ಗುರುತು ಮಾಡಿಕೊಡಿ, ಶುದ್ಧಿಪತ್ರದಲ್ಲಿ ಹಾಕಿಸೋಣ ಎಂದೆ. ಅಚ್ಚಾದ ಹಾಳೆಗಳನ್ನು ಹಿಡಿದು ಇಬ್ಬರೂ ಕೂತೆವು. ಆಗ ಗೊತ್ತಾದ ಸಂಗತಿ ನನ್ನ ಉಳಿದ ತಾಳ್ಮೆಯನ್ನೂ ಮುಗಿಸಿತು. ಅವರಿಗೆ ತಮ್ಮದು ಯಾವುದು, ಕವಿಯದು ಯಾವುದು ಎಂಬ ನೆನಪೇ ಇರಲಿಲ್ಲ.

“ಇದು ನಂದೇ ಇರ್ಬೇಕು, ಒಂಥರಾ ಒರಟಾಗಿದೆ” ಎನ್ನುವರು. ಗರಿ ತೆಗೆದು ನೋಡಿದರೆ ಅಕ್ಷರ ಮುತ್ತಿನ ಹಾಗಿದೆ, ಕವಿಯದೇ ಪದ್ಯ. “ಇದು ಕವೀದು, ಅನುಮಾನವೇ ಬೇಡ. ನನ್ ಕೈಲಿ ಇಷ್ಟು ಚೆನ್ನಾಗಿ ಬರುತ್ತಾ?” ಎನ್ನುವರು. ಅಲ್ಲಿ ತೂತು. ಮಧ್ಯಾಹ್ನದ ಹೊತ್ತಿಗೆ ನಾನು ಅವರನ್ನು ಕೇಳುವುದು ಬಿಟ್ಟು ಗರಿಗಳನ್ನೇ ನೋಡಿ ಗುರುತು ಹಾಕತೊಡಗಿದೆ. ಒಟ್ಟು ನಲವತ್ತೊಂದು ಕಡೆ. ಕಾವ್ಯದಲ್ಲಿ ನನಗೆ ಮೆಚ್ಚಿಗೆಯಾಗಿದ್ದ ಜಾಗಗಳೆಲ್ಲ ಹೆಚ್ಚುಕಡಿಮೆ ಆ ನಲವತ್ತೊಂದರಲ್ಲೇ ಇದ್ದವು.

“ಪ್ರೊಫೆಸರಿಗೆ ಹೇಳ್ತೀಯಾ?” ಎಂದು ಪಂಡಿತರು ಕೇಳಿದರು.

“ಹೇಳದೆ?”

“ಹೆಸರಿನ ಹಾಳೆ ಅಚ್ಚಾದ ಮೇಲೆ ಹೇಳಬಹುದಲ್ವಾ” ಎಂದರು, ನನ್ನ ಮುಖ ನೋಡದೆ.

ಆ ಮಾತಿಗೆ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎರಡು ವರ್ಷ ನನ್ನನ್ನು ಬಗ್ಗಿ ಕೂರಿಸಿ ತಮಗೆ ತೋಚಿದ್ದನ್ನು ಬರೆಸಿದ್ದಾರೆ, ಮೇಲೆ ಈಗ ಇದು ಬೇರೆ ಎಂದು ಕುದಿಯುತ್ತಿದ್ದೆ. ಸತ್ಯಕ್ಕೋಸ್ಕರ ಹೇಳಿದೆ ಎಂದು ಆಮೇಲೆ ಎಷ್ಟೋ ಜನರ ಮುಂದೆ ಕೊಚ್ಚಿಕೊಂಡಿದ್ದೇನೆ. ಸುಳ್ಳು. ಅವತ್ತು ನನ್ನನ್ನು ಯಾದವಗಿರಿಗೆ ನಡೆಸಿದ್ದು ಬರೀ ಸಿಟ್ಟು.

ಪ್ರೊಫೆಸರರು ಬಂಗಲೆಯ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ನಾನು ಯೋಚಿಸಿಕೊಂಡು ಹೋಗಿದ್ದು ಇಷ್ಟು. ಪುಸ್ತಕದ ಕೊನೆಗೆ ಎರಡು ಪುಟ ಸೇರಿಸುವುದು. ಈ ಈ ಜಾಗ ಗರಿಯಲ್ಲಿ ಇರಲಿಲ್ಲ, ಪಂಡಿತರು ತುಂಬಿದ್ದು, ಹೊಸ ಪ್ರತಿಯಲ್ಲಿ ಹೀಗಿದೆ ಎಂದು ತಿಳಿಸುವುದು. ಅಲ್ಲಿಗೆ ಯಾರಿಗೂ ಅನ್ಯಾಯವಿಲ್ಲ.

“ಆ ಮೂರು ಸಾಲು?” ಎಂದು ಅವರು ಕೇಳಿದರು. ಯಾವ ಮೂರು ಎಂದು ನಾನು ಕೇಳಬೇಕಾಗಿರಲಿಲ್ಲ.

“ಪಂಡಿತರದು ಸಾರ್.”

ಅವರು ಎದ್ದು ಜಗಲಿಯ ಕೊನೆಯವರೆಗೆ ಹೋಗಿ ಬಂದರು. ಆ ಮೂರು ಸಾಲಿನ ಮೇಲೆ ಅವರ ಮುನ್ನುಡಿಯ ನಾಲ್ಕು ಪುಟ ನಿಂತಿತ್ತು. ಸಭೆಯಲ್ಲಿ ಆಡಿದ ಮಾತು ಪತ್ರಿಕೆಯಲ್ಲಿ ಬಂದಿತ್ತು. ಆ ಸಂಧಿಯನ್ನು ಡಿಗ್ರಿ ತರಗತಿಗೆ ಪಠ್ಯವಾಗಿಡಲು ಪಠ್ಯಸಮಿತಿಯಲ್ಲಿ ಅವರೇ ಸೂಚಿಸಿ ಒಪ್ಪಿಸಿದ್ದರು.

“ಟೆಕ್ಸ್ಟ್ ಅಚ್ಚಾಗಿಹೋಗಿದೆ, ಇನ್ನು ಮುಟ್ಟೋಕಾಗೋಲ್ಲ. ಕ್ಯಾಲೆಂಡರ್ ಅಚ್ಚಿಗೆ ಮೊಳೆ ಬೇಕು ಅಂತ ಪ್ರೆಸ್ಸಿನವರು ದಿನಾ ಗಂಟು ಬಿದ್ದಿದ್ದಾರೆ. ಹೊಸ ಪ್ರತಿ ಪುಸ್ತಕ ಬಂದ ಮೇಲೆ ಸಿಕ್ಕಿತು ಅಂತ ರಿಜಿಸ್ಟರ್‌ನಲ್ಲಿ ಬರೀರಿ. ಪಂಡಿತರ ಹೆಸರು ಟೈಟಲ್ ಪೇಜಿಂದ ತೆಗೀಬೇಕು. ಇಂಥಾದ್ದು ಮಾಡಿದವರನ್ನ ಎಡಿಟರ್ ಅಂತ ಹೇಗಮ್ಮ ಹಾಕೋದು?”

“ಅವರ ಪದ್ಯ ಇರುತ್ತೆ, ಅವರ ಹೆಸರು ಇರೋಲ್ವಾ ಸಾರ್? ಹೆಸರು ತೆಗೆಯೋದಾದ್ರೆ ಪದ್ಯಾನೂ ತೆಗೀರಿ.”

“ನೀವೇ ತಾನೆ ಬಂದು ಹೇಳಿದ್ದು?” ಎಂದರು. ಒಳಗಿನಿಂದ ಅವರ ಮನೆಯವರು ಕಾಫಿ ಕಳಿಸಿದರು. ಅದನ್ನು ಕುಡಿದು ಬಂದೆ ಎನ್ನುವುದು ಈಗಲೂ ನನಗೆ ನಾಚಿಕೆ.

ಪುಸ್ತಕ ಏಕೀಕರಣವಾದ ವರ್ಷ ಹೊರಬಂತು. ಶೀರ್ಷಿಕೆ ಪುಟದಲ್ಲಿ ಪಂಡಿತರ ಹೆಸರಿದ್ದ ಜಾಗದಲ್ಲಿ, ಅದೇ ಗಾತ್ರದ ಮೊಳೆಯಲ್ಲಿ, ನನ್ನ ಹೆಸರು. ನನ್ನನ್ನು ಯಾರೂ ಕೇಳಿರಲಿಲ್ಲ. ಆ ಸಾಲು ಖಾಲಿ ಬಿಟ್ಟರೆ ಪುಟ ಚೆನ್ನಾಗಿ ಕಾಣುವುದಿಲ್ಲ ಎಂದು ಪ್ರೊಫೆಸರರು ಹೇಳಿದರು. ನನಗೆ ಬೇಡ ಎಂದು ಮೂರು ಸಲ ಕಾಗದ ಬರೆದೆ. ಮೂರು ಸಲವೂ ಹರಿದು ಹಾಕಿದೆ, ಏಕೆಂದರೆ ಎರಡು ತಿಂಗಳಿಗೆ ಲೆಕ್ಚರರ್ ಹುದ್ದೆಗೆ ಸಂದರ್ಶನವಿತ್ತು. ಪ್ರಕಟವಾದ ಕೃತಿ ಇದೆಯೇ ಎಂದು ಅಲ್ಲಿ ಕೇಳಿದರು. ಇದೆ ಎಂದೆ. ಕೆಲಸ ಸಿಕ್ಕಿತು. ಅಪ್ಪ ಮಂಡಿಯಲ್ಲಿ ಎಲ್ಲರಿಗೂ ಅಚ್ಚು ಬೆಲ್ಲ ಹಂಚಿದರು.

ಪಂಡಿತರಿಗೆ ಪುಸ್ತಕ ಕೊಡಲು ನಾನೇ ಹೋದೆ. ಮಠದ ಪಕ್ಕದ ಸಂದಿಯಲ್ಲಿ ಎರಡು ಕೋಣೆಯ ಮನೆ. ಬೈಗುಳ ತಿನ್ನಲು ತಯಾರಾಗಿ ಹೋಗಿದ್ದೆ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವರು ಎರಡು ಕೈಯಲ್ಲಿ ಪುಸ್ತಕ ತೆಗೆದುಕೊಂಡು ಮೊದಲ ಪುಟ ನೋಡಿದರು. “ನಿನ್ನ ಹೆಸರು ಚೆನ್ನಾಗಿ ಬಂದಿದೆ ಕಣಮ್ಮ” ಎಂದರು. ಹಾಳೆ ತಿರುವಿ ಆ ಮೂರು ಸಾಲು ಹುಡುಕಿ ಗಟ್ಟಿಯಾಗಿ ಓದಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಈ ಸಲ ಆಕೆ ಹೆಸರು ಎಲ್ಲಿ ಎಂದು ಕೇಳಲಿಲ್ಲ. ಅದೇ ವರ್ಷ, ವಯಸ್ಸಾಯಿತೆಂಬ ಕಾರಣ ಹೇಳಿ, ಪಂಡಿತರ ಕೆಲಸವನ್ನೂ ನಿಲ್ಲಿಸಿದರು.

ಆಮೇಲೆ ನಾನು ವರ್ಷಕ್ಕೆ ಎರಡು ಮೂರು ಸಲ ಅವರ ಮನೆಗೆ ಹೋಗುತ್ತಿದ್ದೆ, ಬೆಲ್ಲ ಕೊಟ್ಟು ಬರುವ ನೆಪದಲ್ಲಿ. ಹರಟುತ್ತಿದ್ದರು, ನನ್ನ ಎಂ.ಎ.ಯನ್ನು ಆಡಿಕೊಳ್ಳುತ್ತಿದ್ದರು. ಪುಸ್ತಕದ ಸುದ್ದಿ ಎತ್ತುತ್ತಿರಲಿಲ್ಲ. ಮರೆತಿದ್ದಾರೆ, ಇಲ್ಲವೆ ಇಂಥದ್ದಕ್ಕೆಲ್ಲ ಮನಸ್ಸು ಕೊಡದ ದೊಡ್ಡ ಜೀವ ಎಂದು ನಂಬಿಕೊಂಡೆ. ಹಾಗೆ ನಂಬುವುದು ನನಗೂ ಹಿತವಾಗಿತ್ತು. ನಾನು ಕಾಲೇಜಿನಲ್ಲಿ ಅದೇ ಸಂಧಿಯನ್ನು ವರ್ಷ ವರ್ಷ ಪಾಠ ಹೇಳುತ್ತಿದ್ದೆ. ಆ ಮೂರು ಸಾಲು ಬಂದಾಗ “ಕವಿ ಇಲ್ಲಿ ಹೇಳುತ್ತಾನೆ” ಎಂದು ಹೇಳಿ ಬೇಗ ಬೇಗ ಮುಂದಕ್ಕೆ ಹೋಗುತ್ತಿದ್ದೆ. ಹುಡುಗರು ನಿಧಾನವಾಗಿ ಹೇಳಿ ಮೇಡಂ, ನೋಟ್ಸ್ ಬರ್ಕೋಬೇಕು ಎನ್ನುತ್ತಿದ್ದರು.

ಅರವತ್ತನೆಯ ಇಸವಿಯ ನಂತರ, ಯೂನಿವರ್ಸಿಟಿ ಹೊಸ ಕ್ಯಾಂಪಸ್ಸಿಗೆ ಹೋಗಿ ಎಲ್ಲರೂ ದಾರಿ ಉದ್ದವಾಯಿತೆಂದು ಗೊಣಗುತ್ತಿದ್ದ ಕಾಲದಲ್ಲಿ, ಒಂದು ಬೇಸಗೆ ನನ್ನನ್ನು ಡಿಗ್ರಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹಾಕಿದರು. ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ ಎಂಬ ಭಾಗದಲ್ಲಿ ಮೊದಲನೆಯದೇ ಅದು. ‘ಹೆಣ್ಣೆ ನಿನ್ನೆಯ ಬೆರಳೆ ಬಾ ಬಾ ಎಂದು ಕರೆವಂತೆ.’ ಮುಖ್ಯ ಪರೀಕ್ಷಕರು ನಮ್ಮ ಹಳೆಯ ಪ್ರೊಫೆಸರರೇ. ಅಂಕ ಕೊಡುವ ಕ್ರಮವನ್ನು ಅವರು ಓದಿ ಹೇಳಿದರು. ಸ್ವಾರಸ್ಯಕ್ಕೆ ಎರಡು, ಸಂದರ್ಭಕ್ಕೆ ಒಂದು, ಕವಿ ಯಾರು ಎಂದು ಸರಿಯಾಗಿ ಬರೆದಿದ್ದರೆ ಒಂದು. ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನಾನೂ ಆ ಕ್ರಮವನ್ನು ಹಾಗೆಯೇ ಬರೆದುಕೊಂಡೆ. ಆ ಹೊತ್ತಿಗೆ ನನಗೂ ಯೂನಿವರ್ಸಿಟಿಯಲ್ಲಿ ಎಂಟು ವರ್ಷವಾಗಿತ್ತು.

ಹತ್ತು ದಿನ ಕಟ್ಟು ಬಿಚ್ಚಿ ತಿದ್ದಿದೆ. ಸೆಕೆ, ಬೆವರು, ಹುಡುಗರ ಕಾಗೆಕಾಲು ಅಕ್ಷರ. ಗರಿಯೇ ಮೇಲು ಅನ್ನಿಸುತ್ತಿತ್ತು. ಕೆಲವರು ಆ ಸಾಲಿನ ಬಗ್ಗೆ ಚೆನ್ನಾಗಿ ಬರೆದಿದ್ದರು. ಒಬ್ಬಳು, ಬಹುಶಃ ಹೂ ಮಾರುವವರ ಮನೆಯ ಹುಡುಗಿ ಇರಬೇಕು, ಕತ್ತಲಲ್ಲಿ ಹೂ ಕಟ್ಟುವಾಗ ಬೆರಳಿಗೆ ತಾನೇ ಹೂವು ಬಂದು ಸಿಗುತ್ತದೆ, ಕವಿಗೆ ಇದು ಹೇಗೆ ಗೊತ್ತಾಯಿತೋ ಎಂದು ಬರೆದಿದ್ದಳು. ಅದನ್ನು ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವತ್ತು ಸಂಜೆಯೇ ಪಂಡಿತರ ಮನೆಗೆ ಹೋದೆ.

ಅವರು ಜಗಲಿಯ ಮೇಲೆ ಕೂತಿದ್ದರು. ತುಂಬ ಸೊರಗಿದ್ದರು. ಕಣ್ಣಿನಲ್ಲಿ ಪೊರೆ ಬಂದು ಯಾರು ಬಂದರೆಂಬುದು ದನಿಯಿಂದ ತಿಳಿಯುತ್ತಿತ್ತು. ನಾನು ಆ ಹುಡುಗಿ ಬರೆದದ್ದನ್ನು ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನು ಕೂಗಿ ಕರೆದು ಇನ್ನೊಂದು ಸಲ ಹೇಳಿಸಿದರು. ಬೇರೆಯವರು ಏನು ಬರೆದರು, ಹೂವು ಬಾಗಿದ್ದನ್ನು ಬರೆದರೋ ಇಲ್ಲವೋ, ‘ನಿನ್ನೆಯ’ ಅನ್ನೋದನ್ನ ಹಿಡಿದರೋ ಇಲ್ಲವೋ ಎಂದು ಒಂದೊಂದಾಗಿ ಕೇಳಿದರು. ನೆನಪಿದ್ದಷ್ಟನ್ನೂ ಹೇಳಿದೆ. ಆಮೇಲೆ ಅವರು ನಶ್ಯದ ಡಬ್ಬಿಯನ್ನು, ತೆರೆಯದೆ, ಕೈಯಲ್ಲಿ ಹೊರಳಿಸತೊಡಗಿದರು.

“ಯಾರ ಪದ್ಯ ಅಂತ ಬರೆದಿದ್ರು?”

ನಾನು ಕವಿಯ ಹೆಸರು ಹೇಳಿದೆ.

“ಮಾರ್ಕ್ಸ್ ಕೊಟ್ಯಾ?”

“ಕೊಟ್ಟೆ.”

“ಕೊಡ್ಬೇಕಾದ್ದೇ. ಮಕ್ಕಳದೇನು ತಪ್ಪು” ಎಂದರು. ಬೀದಿಯಲ್ಲಿ ಜಟಕಾ ಒಂದು ಹೋಯಿತು. ಅದು ತಿರುವಿನವರೆಗೆ ಹೋಗುವ ತನಕ ಕಾದು, ದನಿ ತಗ್ಗಿಸಿ, ಒಳಗಿದ್ದ ಹೆಂಡತಿಗೆ ಕೇಳಿಸದ ಹಾಗೆ, “ಅಷ್ಟು ಜನದಲ್ಲಿ ಒಬ್ಬರಾದ್ರೂ ಕವಿ ಹೆಸರು ತಪ್ಪು ಬರೀಲಿಲ್ವೇನಮ್ಮ?” ಎಂದು ಕೇಳಿದರು.

ಇಲ್ಲ, ಎಲ್ಲರೂ ಸರಿಯಾಗಿಯೇ ಬರೆದಿದ್ದಾರೆ ಎಂದೆ.